ಚೀಲದೊಳಗಿನ ಔತಣ

ಫ್ರಾನ್ಸಿನಲ್ಲಿ ಅಂಗಡಿ ಹೊಕ್ಕವರು ಬೇರೇನು ಕೇಳುವ ಮೊದಲೂ ‘ಬೊಂಜೂರ್’ ಎನ್ನಬೇಕಂತೆ. ಮರೆತರೆ ಒರಟರ ಲೆಕ್ಕಕ್ಕೆ ಸೇರುತ್ತೇವೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರೊಬ್ಬರು ಇಂಥ ಮಾತುಗಳ ಕೈಪಿಡಿಯನ್ನು ಓದುತ್ತಿದ್ದರು. ನನಗೆ ನೆನಪಾದವನು ಅಬ್ದುಲ್ ರಜಾಕ್, ಕೈಪಿಡಿಯಿಲ್ಲದೆ ಇದೇ ಹಂಪಿಗೆ ಬಂದವನು.

ಹಿರಾತಿನ ದೊರೆ ಷಾರುಖನ ರಾಯಭಾರಿಯಾಗಿ ಅವನು ವಿಜಯನಗರಕ್ಕೆ ಬಂದದ್ದು 1443ರ ಬೇಸಗೆಯಲ್ಲಿ. ಬಳ್ಳಾರಿ ಸೀಮೆಯ ಬಿಸಿಲನ್ನು ಬಲ್ಲವರಿಗೆ ವಿವರಿಸಬೇಕೆ? ಮೈತುಂಬ ಉಡುಪಿನ ಮೇಲೆ ಉಡುಪು. ಇಮ್ಮಡಿ ದೇವರಾಯನಿಗೆ ತಲೆಬಾಗಿ ಕುಳಿತಾಗ ಬೆವರಿ ನೀರಾಗಿದ್ದ. ರಾಯ ಕನಿಕರಗೊಂಡು ತನ್ನ ಕೈಯ ಬೀಸಣಿಗೆಯನ್ನೇ ಕೊಟ್ಟುಬಿಟ್ಟ! ಓಲೆಯನ್ನು ಓದಲು ದುಭಾಷಿ ಬೇಕಾಯಿತು, ಬೀಸಣಿಗೆಗೆ ಬೇಕಾಗಲಿಲ್ಲ. ಆಮೇಲೆ ವೀಳ್ಯ, ಕರ್ಪೂರ, 500 ಪಣಗಳ ಚೀಲ.

ಊಟದ್ದೇ ತೊಡಕು. ರಜಾಕನ ಕಡೆ ದೊರೆಗಳು ರಾಯಭಾರಿಯನ್ನು ತಮ್ಮ ಪಂಕ್ತಿಗೇ ಕರೆಯುವರು. ಇಲ್ಲಿ ಅದು ಸಲ್ಲದು. ರಾಯ ಇದನ್ನು ಮುಚ್ಚಿಡಲಿಲ್ಲ. ನಾವು ಕೂಡಿ ಉಣ್ಣುವಂತಿಲ್ಲವಾದ್ದರಿಂದ ಈ ಹೊನ್ನಿನ ಚೀಲವನ್ನೇ ಔತಣವೆಂದು ತಿಳಿಯಬೇಕೆಂದು ದುಭಾಷಿಯ ಮೂಲಕ ಹೇಳಿಸಿದ. ದಿನವೂ 2 ಕುರಿ, 4 ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಬಿಡಾರಕ್ಕೇ ಹೋಗುತ್ತಿದ್ದವು. ಮಡಿಯೂ ಉಳಿಯಿತು, ಅತಿಥಿಯೂ ಹಸಿಯಲಿಲ್ಲ. ರಜಾಕ್ ಇದನ್ನೆಲ್ಲ ಅಕ್ಕರೆಯಿಂದಲೇ ಬರೆದಿಟ್ಟಿದ್ದಾನೆ.

ನಾನೂ ಬಹುಕಾಲ ಇದನ್ನು ಬರಿಯ ಸೌಜನ್ಯವೆಂದೇ ಮೆಚ್ಚಿಕೊಂಡಿದ್ದೆ. ನಮ್ಮಜ್ಜಿಯೂ ಪಂಕ್ತಿಗೆ ಕರೆಯಲಾಗದವರಿಗೆ ಅಕ್ಕಿ, ಬೇಳೆ, ಬೆಲ್ಲ ಕಟ್ಟಿಕೊಟ್ಟು, ನಗುಮುಖದಿಂದಲೇ ಕಳಿಸುತ್ತಿದ್ದಳು. ಗಂಟು ಹಿಡಿದು ಜಗಲಿಯಿಂದ ಇಳಿದು ಹೋಗುವವರ ಮುಖವನ್ನು ಮಾತ್ರ ನಾನು ಒಮ್ಮೆಯೂ ನೋಡಿರಲಿಲ್ಲ; ನಾವೆಲ್ಲ ಒಳಗೆ ಉಣ್ಣುತ್ತಿದ್ದೆವು.