ಗಾಳಿಗಿಂತ ಜೋರಾಗಿ ಓಡುವ ದೋಣಿ

ಹಾಯಿದೋಣಿ ಗಾಳಿಗಿಂತ ಜೋರಾಗಿ ಓಡುತ್ತದೆ ಅಂದರೆ ನಮ್ಮ ರೋಣ, ನರಗುಂದದ ಕಡೆ ಯಾರೂ ನಂಬಲ್ಲ. "ಗಾಳಿ ನೂಕಿದ್ರ ದೋಣಿ ಹೋಗೂದು. ನೂಕೋನಿಗಿಂತ ಮುಂದ ಹೆಂಗ ಹೋಗ್ತೈತಿ?" ಅಂತಾರೆ. ಕೇಳೋದು ನ್ಯಾಯವಾಗೇ ಇದೆ. ಆದರೆ 2012ರ ನವೆಂಬರ್‌ನಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಪಾಲ್ ಲಾರ್ಸನ್ ನಡೆಸಿದ ಸೇಲ್‌ರಾಕೆಟ್-2 ಎಂಬ ದೋಣಿ 500 ಮೀಟರ್ ದೂರವನ್ನು ಸರಾಸರಿ 65.45 ನಾಟ್, ಅಂದರೆ ಗಂಟೆಗೆ 121 ಕಿ.ಮೀ. ವೇಗದಲ್ಲಿ ದಾಟಿತು. ಅವತ್ತಿನ ಗಾಳಿಯ ವೇಗ ಇದರ ಅರ್ಧದಷ್ಟೂ ಇರಲಿಲ್ಲ.

ಸಾಕ್ಷಿಗೆ ಸಮುದ್ರದ ತನಕ ಹೋಗಬೇಕಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳಿವೆಯಲ್ಲ, ಊರಲ್ಲಿ ಎಲ್ಲರೂ 'ಫ್ಯಾನು' ಅನ್ನೋವು, ಅವುಗಳ ರೆಕ್ಕೆಯ ತುದಿ ಬೀಸುವ ಗಾಳಿಯ ಆರೇಳು ಪಟ್ಟು ವೇಗದಲ್ಲಿ ತಿರುಗುತ್ತದೆ. ರೆಕ್ಕೆ ಗಾಳಿಯ ಜೊತೆಗೆ ಓಡುವುದಿಲ್ಲ, ಗಾಳಿಗೆ ಅಡ್ಡವಾಗಿ ಓಡುತ್ತದೆ. ಗುಟ್ಟು ಅಷ್ಟೇ. ಹಾಯಿ ಅಂದರೂ ನೆಟ್ಟಗೆ ನಿಲ್ಲಿಸಿದ ಒಂದು ರೆಕ್ಕೆಯೇ.

ಹಾಗಾದರೆ ಇಷ್ಟು ಶತಮಾನ ಹಾಯಿದೋಣಿ ನಿಧಾನವಾಗಿದ್ದದ್ದು ಯಾಕೆ? ಅಡ್ಡಿ ಇದ್ದದ್ದು ನೀರಿನಲ್ಲಿ. ಇದನ್ನು ಲೆಕ್ಕಕ್ಕೆ ತಂದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. ಮೊದಲು ರೈಲ್ವೆ ಎಂಜಿನಿಯರ್ ಆಗಿದ್ದವನು. 1870ರ ದಶಕದ ಆರಂಭದಲ್ಲಿ ಟಾರ್ಕೀಯಲ್ಲಿ ತನ್ನ ಮನೆಯ ಹತ್ತಿರವೇ ಸುಮಾರು 85 ಮೀಟರ್ ಉದ್ದದ ತೊಟ್ಟಿ ಕಟ್ಟಿಸಿ, ಮಾದರಿ ಹಡಗುಗಳನ್ನು ಎಳೆದು ಅಳತೆ ಮಾಡಿದ. ದೋಣಿ ಓಡಿದಂತೆ ತನ್ನ ಮುಂದೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ಒಂದು ವೇಗ ದಾಟಿದ ಮೇಲೆ ಆ ಅಲೆಯ ಏರು ಹತ್ತಲಾಗದೆ ಸಿಕ್ಕಿಬೀಳುತ್ತದೆ. 25 ಅಡಿ ದೋಣಿಗೆ ಆ ಮಿತಿ ಗಂಟೆಗೆ ಸುಮಾರು 12 ಕಿ.ಮೀ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಚಕ್ಕಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದಿನ ರೇಸಿಂಗ್ ದೋಣಿಯ ಇತಿಹಾಸ ಅಂದರೆ ನೀರಿನಿಂದ ಮೇಲೇಳುವ ಇತಿಹಾಸ. 1928ರಲ್ಲಿ ಉಫಾ ಫಾಕ್ಸ್ 'ಅವೆಂಜರ್' ಎಂಬ 14 ಅಡಿ ದೋಣಿ ಮಾಡಿದ. ಕೆರೆಯಲ್ಲಿ ನಾವು ಚಪ್ಪಟೆ ಕಲ್ಲು ಎಸೆದಾಗ ಅದು ನೀರಿನ ಮೇಲೆ ಜಾರುತ್ತದಲ್ಲ, ಹಾಗೆ ಜಾರುವ ತಳ ಅದರದು. 57 ರೇಸುಗಳಲ್ಲಿ 52 ಗೆದ್ದಿತು. 1983ರಲ್ಲಿ ಆಸ್ಟ್ರೇಲಿಯಾದ ಬೆನ್ ಲೆಕ್ಸನ್ ದೋಣಿಯ ಅಡಿಯ ಕೀಲಿಗೆ ರೆಕ್ಕೆ ಹಚ್ಚಿ, 132 ವರ್ಷ ಅಮೆರಿಕ ಬಿಟ್ಟುಕೊಡದ ಅಮೆರಿಕಾಸ್ ಕಪ್ಪನ್ನು ಗೆಲ್ಲಿಸಿಕೊಟ್ಟ. ಶಾಲೆ ಕಲಿತದ್ದು ಕಡಿಮೆ. ಹದಿನಾಲ್ಕಕ್ಕೇ ರೈಲು ಎಂಜಿನ್ ರಿಪೇರಿಯ ಕೆಲಸಕ್ಕೆ ಸೇರಿದ್ದ ಹುಡುಗ ಅವನು.

ಕೊನೆಗೆ ದೋಣಿ ಪೂರ್ತಿ ಮೇಲೆದ್ದೇ ಬಿಟ್ಟಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಹಾಗಾಗಿ ನೀರೊಳಗಿನ ಸಣ್ಣ ರೆಕ್ಕೆಯೂ ದೊಡ್ಡ ಭಾರ ಎತ್ತುತ್ತದೆ. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲೇ ಎಂಜಿನ್ ದೋಣಿಯೊಂದನ್ನು ಹೀಗೆ ಎತ್ತಿ ತೋರಿಸಿದ್ದ. 2013ರ ಅಮೆರಿಕಾಸ್ ಕಪ್‌ನಲ್ಲಿ 22 ಮೀಟರ್ ಉದ್ದದ ಹಾಯಿದೋಣಿಗಳೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೇಲೆ ಹಾರಿದಂತೆ ಓಡಿದವು.

ಈ ಕಥೆಯಲ್ಲಿ ನನ್ನಂಥವರಿಗೂ ಒಂದು ಬಾಗಿಲಿದೆ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ, ದೋಣಿಯ ಆಕಾರ ಕೊಟ್ಟರೆ ಯಾವ ಗಾಳಿಗೆ ಎಷ್ಟು ವೇಗ ಬರುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದರು. 2021ರ ಕಪ್‌ಗೆ ನ್ಯೂಜಿಲೆಂಡ್ ತಂಡ ಒಂದು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮಿಗೆ ಸಿಮ್ಯುಲೇಟರಿನಲ್ಲಿ ದೋಣಿ ನಡೆಸೋದು ಕಲಿಸಿ, ಅದರ ಕೈಲೇ ರೆಕ್ಕೆಗಳ ಡಿಸೈನ್ ಪರೀಕ್ಷೆ ಮಾಡಿಸಿತು. ಅಂದರೆ ಇವತ್ತು ಈ ಕೆಲಸದ ದೊಡ್ಡ ಪಾಲು ಕೋಡ್ ಬರೆಯೋದೇ. ಅದಕ್ಕೆ ಸಮುದ್ರದ ದಂಡೆಯಲ್ಲೇ ಹುಟ್ಟಬೇಕಂತಿಲ್ಲ.

ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊಡವ ಮನೆತನದ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆ 'ಫಾರ್ಟಿನೈನರ್' ದೋಣಿ ನಡೆಸಿದರು. ಆ ದೋಣಿಯ ವಿನ್ಯಾಸ ಆಸ್ಟ್ರೇಲಿಯಾದ ಜೂಲಿಯನ್ ಬೆಥ್ವೇಟ್ ಅವರದು. ದೋಣಿ ನಡೆಸೋರ ಸಾಲಿಗೆ ನಮ್ಮವರು ಬಂದಾಯ್ತು. ಗೆರೆ ಎಳೆಯೋರ ಸಾಲಿಗೂ ಬರಬೇಕು.

ನಮ್ಮ ಚಿಗವ್ವನ ಮಗ ಗುಡ್ಡದ ಮೇಲೆ ಒಂದು ಫ್ಯಾನಿಗೆ ವಾಚ್‌ಮನ್. ಪಿಯುಸಿಗೆ ಓದು ಬಿಟ್ಟವನು. ಹೋದ ದೀಪಾವಳಿಗೆ ಕೇಳಿದ: "ಅಣ್ಣಾ, ಈ ರೆಕ್ಕಿ ಬುಡದಿಂದ ತುದಿತನಾ ತಿರುಚಿ ಯಾಕ ಮಾಡ್ಯಾರ?" ತುದಿ ಬುಡಕ್ಕಿಂತ ಜೋರಾಗಿ ಓಡುತ್ತದೆ, ಹಾಗಾಗಿ ಒಂದೊಂದು ಕಡೆಗೆ ಗಾಳಿ ಒಂದೊಂದು ಕೋನದಲ್ಲಿ ತಾಗುತ್ತದೆ, ಅದಕ್ಕೆ ಹೊಂದಿಸಲು ತಿರುಚಿರುತ್ತಾರೆ. ಮೇಲೆ ಹೋದಷ್ಟೂ ಗಾಳಿ ಜೋರು, ಹಾಗಾಗಿ ರೇಸಿಂಗ್ ಹಾಯಿಯನ್ನೂ ಮೇಲಕ್ಕೆ ಹೋದಂತೆ ತುಸು ತಿರುಚುತ್ತಾರೆ. ನಾಲ್ಕು ವರ್ಷ ಬಿಇ ಓದಿದಾಗ ಈ ಪ್ರಶ್ನೆಯನ್ನು ನಮ್ಮ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಅವನು ಕಾವಲು ಕಾಯುತ್ತಾ, ದಿನಾ ತಲೆ ಎತ್ತಿ ನೋಡಿ ನೋಡಿಯೇ ಆ ಪ್ರಶ್ನೆಗೆ ಬಂದಿದ್ದ.