ಸೂಚಿಯಲ್ಲಿಲ್ಲದ ಹೆಸರುಗಳು: ಅಮೆರಿಕದ ಕೌಂಟಿ ಪ್ರೊಬೇಟ್ ಕಡತಗಳ ಶೋಧ

ಅಮೆರಿಕದ ಕುಟುಂಬ ಚರಿತ್ರೆಯನ್ನು ಅಭ್ಯಾಸ ಮಾಡುವವರು ಕೌಂಟಿ ನ್ಯಾಯಾಲಯಕ್ಕೆ ಬರೆಯುವ ಮೊದಲ ಪತ್ರದಲ್ಲಿ ಸಾಮಾನ್ಯವಾಗಿ ಉಯಿಲಿನ ನಕಲು ಕೇಳುತ್ತಾರೆ. ಕೇಳಿದ್ದು ಸಿಗುತ್ತದೆ, ಅಷ್ಟೇ ಸಿಗುತ್ತದೆ. ಸತ್ತವರ ಆಸ್ತಿಯ ವಿಲೇವಾರಿಗೆಂದು ನ್ಯಾಯಾಲಯ ತೆರೆಯುವ ಕಡತದಲ್ಲಿ ಉಯಿಲು ಒಂದು ಕಾಗದ ಮಾತ್ರ. ಉಯಿಲು ಬರೆಯದೆ ಸತ್ತವರ ಕಡತವೇ ಎಷ್ಟೋ ಸಲ ಹೆಚ್ಚು ದಪ್ಪ. ವಾರಸುದಾರರು ಯಾರೆಂಬುದನ್ನು ಅಲ್ಲಿ ಅರ್ಜಿ, ಪ್ರಮಾಣಪತ್ರಗಳಿಂದಲೇ ತೋರಿಸಿಕೊಡಬೇಕು. ಈ ಲೇಖನದ ವಾದ ಇದು: ಕಡತಗಳಿಗೆ ಸೂಚಿ ಸಿದ್ಧವಾಗುವುದು ಆಸ್ತಿಯ ಒಡೆಯರ ಹೆಸರಿನಲ್ಲಿ. ಚರಿತ್ರೆಗೆ ಬೇಕಾದವರು ಬಹುಪಾಲು ಆ ಹೆಸರಿನ ಮರೆಯಲ್ಲಿರುತ್ತಾರೆ. ಆದ್ದರಿಂದ ಇವರ ದಾಖಲೆ ಎಲ್ಲಿದೆ ಎಂದು ಹುಡುಕುವುದಕ್ಕಿಂತ, ಇವರು ಯಾರ ದಾಖಲೆಯೊಳಗೆ ಇದ್ದಾರು ಎಂದು ಯೋಚಿಸುವುದು ಮೇಲು.

ಹೀಗೆ ಸತ್ತವರ ಆಸ್ತಿಯನ್ನು ನ್ಯಾಯಾಲಯದ ಮೂಲಕ ವಿಲೇವಾರಿ ಮಾಡುವ ಪ್ರೊಬೇಟ್ ಕನ್ನಡ ಓದುಗರಿಗೆ ಅಷ್ಟೇನೂ ಬಳಕೆಯ ವ್ಯವಹಾರವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ವಿಧಿಸಿದ ಪ್ರೊಬೇಟಿನ ಕಡ್ಡಾಯ ಬಿದ್ದದ್ದು ಮುಖ್ಯವಾಗಿ ಬಂಗಾಳ ಹಾಗೂ ಮದ್ರಾಸು, ಮುಂಬಯಿ ನಗರಗಳ ಮೇಲೆ; ಮೈಸೂರು ಸೀಮೆಗೆ ಅದು ತಟ್ಟಲಿಲ್ಲ. ಇಲ್ಲಿ ಜಮೀನಿನ ಒಡೆಯ ತೀರಿಕೊಂಡರೆ ಮನೆಯವರು ಪೌತಿ ಖಾತೆಗೆ ಕಂದಾಯ ಇಲಾಖೆಯ ಮೆಟ್ಟಿಲು ಹತ್ತುತ್ತಾರೆ. ಅಮೆರಿಕದಲ್ಲಿ ಈ ಕೆಲಸ ನ್ಯಾಯಾಲಯದ್ದು, ಅದಕ್ಕೆ ಸಂಬಂಧಿಸಿದ ಕಾನೂನು ಆಯಾ ರಾಜ್ಯದ್ದು. ಹೀಗಾಗಿ ಒಂದೇ ಕೆಲಸಕ್ಕೆ ನ್ಯೂಯಾರ್ಕಿನಲ್ಲಿ ಸರೊಗೇಟ್ಸ್ ಕೋರ್ಟು, ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟು, ವರ್ಜೀನಿಯಾದಲ್ಲಿ ಸರ್ಕ್ಯೂಟ್ ಕೋರ್ಟು. ಪೆನ್ಸಿಲ್ವೇನಿಯಾದಲ್ಲಿ ರಿಜಿಸ್ಟರ್ ಆಫ್ ವಿಲ್ಸ್ ಕಚೇರಿಯೂ ಆರ್ಫನ್ಸ್ ಕೋರ್ಟೂ ಸೇರಿ. ಲೂಸಿಯಾನದಲ್ಲಿ ಕೌಂಟಿಯೇ ಇಲ್ಲ, ಪ್ಯಾರಿಷ್ ಇದೆ.

ಕಡತ ಹುಟ್ಟುವುದು ಸಾವು ಸಂಭವಿಸಿದ ಕಡೆಯಲ್ಲ, ಸತ್ತವರು ಕಾಯಂ ನೆಲೆಸಿದ್ದ ಕೌಂಟಿಯಲ್ಲಿ. ಆ ಕೌಂಟಿ ಆಗ ಇತ್ತೇ ಎಂದೂ ನೋಡಿಕೊಳ್ಳಬೇಕು. ದೊಡ್ಡ ಕೌಂಟಿ ಒಡೆದು ಹೊಸದಾದಾಗ ಹಳೆಯ ಕಾಗದ ಸಾಮಾನ್ಯವಾಗಿ ಹಳೆಯ ಕಚೇರಿಯಲ್ಲೇ ಉಳಿಯಿತು. ಬೇರೆ ರಾಜ್ಯದಲ್ಲಿ ಜಮೀನಿದ್ದರೆ ಅಲ್ಲಿಯೂ ಪೂರಕ ಪ್ರಕರಣವೊಂದು ನಡೆದಿರುತ್ತದೆ. ಇದು ಕೆಲವೊಮ್ಮೆ ಶೋಧವನ್ನೇ ಉಳಿಸುತ್ತದೆ: 1871ರ ಅಕ್ಟೋಬರಿನ ಬೆಂಕಿಯಲ್ಲಿ ಷಿಕಾಗೋದ ಕೋರ್ಟ್‌ಹೌಸ್ ಸುಟ್ಟು, ಕುಕ್ ಕೌಂಟಿಯ ಅದುವರೆಗಿನ ಪ್ರೊಬೇಟ್ ಕಡತಗಳು ಹೋದವು. ಹೊರಗೆ ಜಮೀನಿದ್ದವರ ಉಯಿಲಿನ ನಕಲನ್ನು ಆ ಜಮೀನಿನ ಕೌಂಟಿಯಲ್ಲಿ ಹುಡುಕಲು ಇನ್ನೂ ಅವಕಾಶವಿದೆ.

ಸೂಚಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಪೆನ್ಸಿಲ್ವೇನಿಯಾದ ಅನೇಕ ಕೋರ್ಟ್‌ಹೌಸುಗಳ ಹಳೆಯ ಸಂಪುಟಗಳು ರಸೆಲ್ ಸೂಚಿಯ ಕ್ರಮದಲ್ಲಿವೆ. ಕುಲನಾಮದ ಮೊದಲಕ್ಷರದ ಸಂಪುಟ ತೆರೆದ ಮೇಲೆ, ಆ ಅಕ್ಷರ ಬಿಟ್ಟು ಮುಂದೆ ಎಲ್, ಎಂ, ಎನ್, ಆರ್, ಟಿ ಈ ಐದರಲ್ಲಿ ಯಾವುದು ಮೊದಲು ಬರುತ್ತದೋ ಆ ವಿಭಾಗಕ್ಕೆ ಹೋಗಬೇಕು. ಸ್ಮಿತ್ ಆದರೆ ಎಂ, ಬೇಕರ್ ಆದರೆ ಆರ್. ಅಲ್ಲಿಂದ ಮುಂದೆ ವ್ಯಕ್ತಿನಾಮದ ಮೊದಲಕ್ಷರ. ಅಕಾರಾದಿ ಎಂದುಕೊಂಡು ಪುಟ ತಿರುವಿದವರಿಗೆ ಹೆಸರು ಇದ್ದೂ ಸಿಗುವುದಿಲ್ಲ.

ಸೂಚಿ ಕೊಡುವುದು ಪ್ರಕರಣದ ಸಂಖ್ಯೆ, ಇಲ್ಲವೇ ಸಂಪುಟ ಮತ್ತು ಪುಟ. ಇವೆರಡೂ ಒಂದೇ ವಸ್ತುವಿನ ವಿಳಾಸಗಳಲ್ಲ. ಸಂಪುಟದಲ್ಲಿರುವುದು ಗುಮಾಸ್ತರು ನಕಲು ಮಾಡಿಕೊಂಡ ಉಯಿಲು, ಆದೇಶ. ಪ್ರಕರಣದ ಕಟ್ಟಿನಲ್ಲಿರುವುದು ಬಿಡಿ ಕಾಗದಗಳು: ವಾರಸುದಾರರ ಹೆಸರು, ನಂಟು, ಊರುಗಳಿರುವ ಮೂಲ ಅರ್ಜಿ, ಜಾಮೀನು ಮುಚ್ಚಳಿಕೆ, ಆಸ್ತಿಯ ಜಾಬಿತಾ, ಸಾಲ ಕೊಟ್ಟವರ ತಗಾದೆ, ಲೆಕ್ಕಪತ್ರ, ಪಾಲು ಮುಟ್ಟಿತೆಂಬ ರಸೀದಿ. ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್ ಉಚಿತವಾಗಿ ತೋರಿಸುವ ಚಿತ್ರಗಳಲ್ಲಿ ಎಷ್ಟೋ ಕೌಂಟಿಗಳದು ಸಂಪುಟಗಳಷ್ಟೇ. ಪರದೆಯ ಮೇಲೆ ನೋಡಿ ಮುಗಿಯಿತು ಎನ್ನುವವರು ಮುಖ್ಯವಾದುದನ್ನೇ ಬಿಟ್ಟಿರುತ್ತಾರೆ.

ಜಾಬಿತಾದ ಬೆಲೆ ಗುಲಾಮಗಿರಿಯ ಅಧ್ಯಯನದಲ್ಲಿ ಎದ್ದು ಕಾಣುತ್ತದೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ವಯಸ್ಸು, ಲಿಂಗ, ಬಣ್ಣ ಇವೆ. ಹೆಸರು ಬಹುಮಟ್ಟಿಗೆ ಇಲ್ಲ. ಬಿಡುಗಡೆಯಾದವರೆಲ್ಲ ಹೆಸರು ಸಮೇತ ಕಾಣಿಸಿಕೊಳ್ಳುವುದು 1870ರಲ್ಲಿ. ಅದಕ್ಕೆ ಹಿಂದಿನ ಹೆಸರು ಬೇಕಾದರೆ ಒಡೆಯನ ಜಾಬಿತಾ ತೆಗೆಯಬೇಕು. ಎತ್ತು, ನೇಗಿಲು, ಹಾಸಿಗೆಗಳ ಸಾಲಿನಲ್ಲಿ ಮನುಷ್ಯರ ಹೆಸರು, ಎದುರಿಗೆ ಡಾಲರಿನ ಬೆಲೆ. ಉಯಿಲು ಇಲ್ಲಿ ಎಷ್ಟು ಸಾಲದೆಂಬುದಕ್ಕೆ ಜಾರ್ಜ್ ವಾಷಿಂಗ್ಟನ್ನನ ಉಯಿಲೇ ಸಾಕ್ಷಿ. 1800ರ ಜನವರಿ 20ರಂದು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ ನ್ಯಾಯಾಲಯದಲ್ಲಿ ರುಜುವಾತಾದ ಆ ಪತ್ರ ಅವನ ಸ್ವಂತ ಗುಲಾಮರ ಬಿಡುಗಡೆಯನ್ನು ಹೆಂಡತಿಯ ಕಾಲಾನಂತರಕ್ಕೆ ನಿಗದಿ ಮಾಡಿತು. ಹೆಸರು ಹಿಡಿದು ಕೂಡಲೇ ಬಿಡುಗಡೆ ಕೊಟ್ಟದ್ದು ವಿಲಿಯಂ ಲೀ ಒಬ್ಬನಿಗೆ. ಮೌಂಟ್ ವರ್ನನ್‌ನ 317 ಗುಲಾಮರು ಯಾರ್ಯಾರೆಂದು ತಿಳಿಯುವುದು 1799ರಲ್ಲಿ ಅವನೇ ಬರೆದ ಬೇರೊಂದು ಪಟ್ಟಿಯಿಂದ.

ಅಪ್ರಾಪ್ತರ ಆಸ್ತಿಗಾಗಿ ಇದೇ ನ್ಯಾಯಾಲಯ ತೆರೆಯುವ ಪೋಷಕತ್ವದ ಕಡತಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಒಡೆಯನ ಹೆಸರಿನ ಮರೆಯ ಮಾತು ತಿರುವುಮುರುವಾಗುತ್ತದೆ. ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರು ಕೃಷಿಭೂಮಿ ಕೊಳ್ಳದಂತೆ 1913ರ ಕಾನೂನು ತಡೆಯಿತು. ಜಪಾನಿ ರೈತರು ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಕೊಂಡರು. ಅಂಥ ಜಮೀನಿಗೆ ತಂದೆ ಪೋಷಕನೂ ಆಗಕೂಡದೆಂದು 1920ರಲ್ಲಿ ಬಿಗಿ ಮಾಡಿದಾಗ, ಸಟರ್ ಕೌಂಟಿಯ ಯಾನೋ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1922ರಲ್ಲಿ ಆ ನಿಷೇಧವನ್ನು ತಳ್ಳಿಹಾಕಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ಥಿಂಡ್ ತೀರ್ಪು ಭಾರತೀಯರನ್ನೂ ಪೌರತ್ವಕ್ಕೆ ಅನರ್ಹರ ಸಾಲಿಗೆ ಸೇರಿಸಿದ್ದರಿಂದ ಪಂಜಾಬಿ ರೈತರಿಗೂ ಈ ದಾರಿ ಬೇಕಾಯಿತು. ಇಂಥ ಕಡತಗಳು ಸೂಚಿಯಲ್ಲಿರುವುದು ಮಗುವಿನ ಹೆಸರಿನಲ್ಲಿ. ಉತ್ತವನ ಹೆಸರನ್ನಷ್ಟೇ ಹುಡುಕಿದರೆ ಏನೂ ಸಿಗದು.

ಕೋರಿಕೆ ಪತ್ರ ಚಿಕ್ಕದಾಗಿರಲಿ, ನಿಖರವಾಗಿರಲಿ: ಹೆಸರು ಮತ್ತು ಅದರ ಕಾಗುಣಿತದ ರೂಪಾಂತರಗಳು, ಸಾವಿನ ವರ್ಷ, ಪ್ರಕರಣದ ಸಂಖ್ಯೆ, ಉಯಿಲಲ್ಲ ಇಡೀ ಕಡತ ಬೇಕೆಂಬ ಸ್ಪಷ್ಟ ಮಾತು, ನಕಲಿನ ಶುಲ್ಕ ಎಷ್ಟೆಂಬ ವಿಚಾರಣೆ. ಸಂಶೋಧನೆಗೆ ಸಾದಾ ನಕಲು ಸಾಕು. ಊರಿನಲ್ಲಿ ಆಸ್ತಿ ಬಿಡಿಸಿಕೊಳ್ಳಬೇಕಾದ ವಾರಸುದಾರರಿಗೆ ಮಾತ್ರ ದೃಢೀಕೃತ ನಕಲೂ ಅದರ ಮೇಲೆ ಆ ರಾಜ್ಯದ ಅಪೊಸ್ಟಿಲ್ ಮುದ್ರೆಯೂ ಬೇಕಾಗಬಹುದು. ಪರದೇಶದ ಸಾರ್ವಜನಿಕ ದಾಖಲೆಯನ್ನು ಈ ಮುದ್ರೆಯ ಬಲದಿಂದ ಒಪ್ಪಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭಾರತ 2005ರಿಂದ ಇದೆ.

1965ರ ವಲಸೆ ಕಾಯ್ದೆಯ ನಂತರ ಹೋಗಿ ನೆಲೆಸಿದ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಈ ಆಕರ ಅಷ್ಟು ಉದಾರವಾಗಿರಲಾರದು. ಪ್ರೊಬೇಟ್ ತಪ್ಪಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟ ನಾರ್ಮನ್ ಡೇಸಿಯ ಪುಸ್ತಕ ಬಂದದ್ದೂ 1965ರಲ್ಲೇ. ಅಲ್ಲಿಂದೀಚೆಗೆ ಮನೆ, ಷೇರುಗಳನ್ನು ಬದುಕಿದ್ದಾಗಲೇ ಟ್ರಸ್ಟಿಗೆ ಸೇರಿಸುವುದು ಸಾಮಾನ್ಯವಾಗಿದೆ. ಟ್ರಸ್ಟಿನ ಪತ್ರ ನ್ಯಾಯಾಲಯಕ್ಕೆ ಬರಬೇಕಾಗಿಲ್ಲ. ಆದರೂ ಕ್ಯಾಲಿಫೋರ್ನಿಯಾದಲ್ಲಿ ಮೂಲ ಉಯಿಲು ಯಾರ ಕೈಯಲ್ಲಿದೆಯೋ ಅವರು ಸಾವು ತಿಳಿದ 30 ದಿನಗಳೊಳಗೆ ಅದನ್ನು ಸುಪೀರಿಯರ್ ಕೋರ್ಟಿನ ಕ್ಲರ್ಕಿಗೆ ಒಪ್ಪಿಸಬೇಕು, ಪ್ರಕರಣ ನಡೆಯಲಿ ಬಿಡಲಿ. ಆದುದರಿಂದ ಪ್ರಕರಣಗಳ ಸೂಚಿಯಲ್ಲಿ ಹೆಸರಿಲ್ಲವೆಂಬ ಉತ್ತರ ಬಂದಾಗ, ಠೇವಣಿಯಾದ ಉಯಿಲುಗಳನ್ನೂ ನೋಡಿ ಎಂದು ಎರಡನೆಯ ಪತ್ರ ಬರೆಯಬೇಕು.