ಕಟ್ಟೆಮನೆಯಿಂದ ಕೌಟುಂಬಿಕ ನ್ಯಾಯಾಲಯಕ್ಕೆ: ಶಿವಮೊಗ್ಗ ಸೀಮೆಯಲ್ಲಿ ವಿಚ್ಛೇದನದ ಚರಿತ್ರೆ

ಹಿಂದೂಗಳಿಗೆ ವಿಚ್ಛೇದನದ ಹಕ್ಕು ಬಂದದ್ದು 1955ರಲ್ಲಿ ಎಂಬುದು ರೂಢಿಯ ಮಾತು. ಶಿವಮೊಗ್ಗ, ಭದ್ರಾವತಿಗಳ ಮಟ್ಟಿಗೆ ಇದು ಅರ್ಧ ನಿಜ. ಬ್ರಾಹ್ಮಣರಂಥ ಕೆಲವು ಜಾತಿಗಳಿಗೆ ಅದು ಹೊಸ ಹಕ್ಕೇ ಹೌದು. ಆದರೆ ಇಲ್ಲಿನ ಅನೇಕ ಶೂದ್ರ, ದಲಿತ ಸಮುದಾಯಗಳಲ್ಲಿ ಬಿಡುಗಡೆ ಮೊದಲಿನಿಂದಲೂ ಇತ್ತು, ಬಿಡುಗಡೆಯಾದ ಹೆಂಗಸಿಗೆ ಮರುಮದುವೆಯೂ ಇತ್ತು. ಕಾನೂನು ತಂದ ದೊಡ್ಡ ಬದಲಾವಣೆಯೆಂದರೆ ಬಿಡುಗಡೆ ಕೊಡುವ ಅಧಿಕಾರ ಕುಲದ ಹಿರಿಯರ ಕಟ್ಟೆಮನೆಯಿಂದ ಕೋರ್ಟಿಗೆ ದಾಟಿದ್ದು. ಆ ದಾಟುವಿಕೆ ಇಂದಿಗೂ ಮುಗಿದಿಲ್ಲ.

1801ರಲ್ಲಿ ನಗರ, ಇಕ್ಕೇರಿಗಳ ಮೂಲಕ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಸಿಕ್ಕ ಸಿಕ್ಕ ಜಾತಿಯವರನ್ನು ಮದುವೆಯ ಕಟ್ಟಳೆಗಳ ಬಗ್ಗೆ ವಿಚಾರಿಸಿ ಬರೆದುಕೊಂಡ. ಇದೇ ಕೆಲಸವನ್ನು ನೂರು ವರ್ಷಗಳ ನಂತರ ಹೆಚ್ಚು ಶ್ರದ್ಧೆಯಿಂದ ಮಾಡಿದವರು ಎಚ್.ವಿ. ನಂಜುಂಡಯ್ಯ. ಮೈಸೂರಿನ ಚೀಫ್ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದ ಅವರ ಜನಾಂಗ ಸಮೀಕ್ಷೆಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಪೂರ್ಣಗೊಳಿಸಿದರು. ಆ ಸಂಪುಟಗಳಲ್ಲಿ ಜಾತಿಯಿಂದ ಜಾತಿಗೆ ಬಿಡುಗಡೆ ಮತ್ತು ಕೂಡಿಕೆಯ, ಅಂದರೆ ಮರುಮದುವೆಯ, ವಿವರ ಸಿಗುತ್ತದೆ. ಗಂಡ ಹೆಂಡಿರ ವ್ಯಾಜ್ಯ ಯಜಮಾನನ ಮುಂದೆ, ಕುಲದ ಹಿರಿಯರು ಕೂತ ಕಟ್ಟೆಯ ಮುಂದೆ ಬರುತ್ತಿತ್ತು. ಬಿಡುಗಡೆಯಾದವಳನ್ನು ಕೂಡಿಕೆ ಮಾಡಿಕೊಳ್ಳುವವನು ಮೊದಲಿನ ಗಂಡನಿಗೆ ಅವನು ಹೆಣ್ಣಿಗಾಗಿ ಕೊಟ್ಟ ತೆರವನ್ನೋ ಮದುವೆಯ ಖರ್ಚನ್ನೋ ತುಂಬಿಕೊಡುತ್ತಿದ್ದ. ಹೊಸ ಸೀರೆ ಉಡಿಸಿ, ಧಾರೆಯಿಲ್ಲದೆ, ವಾದ್ಯವಿಲ್ಲದೆ ಸಂಬಂಧ ಕೂಡಿಸುತ್ತಿದ್ದರು.

ಈ ಪದ್ಧತಿಯನ್ನು ಹೊಗಳಿ ಹಾಡುವವರ ಜೊತೆ ನಾನಿಲ್ಲ. ಕಟ್ಟೆಯ ಮೇಲೆ ಕೂತವರು ಗಂಡಸರು. ಕೈ ಬದಲಾಗುತ್ತಿದ್ದ ಹಣ ಒಬ್ಬ ಗಂಡಿನಿಂದ ಇನ್ನೊಬ್ಬ ಗಂಡಿಗೆ. ಕೂಡಿಕೆಯಾದವಳನ್ನು ಬೇರೆಯವರ ಮದುವೆಯ ಶುಭಕಾರ್ಯಗಳಿಂದ ದೂರ ಇಡುತ್ತಿದ್ದ ಜಾತಿಗಳೂ ಇದ್ದವು. ಆದರೂ ಹೊರಬರಲು ಒಂದು ಬಾಗಿಲಿತ್ತು ಎಂಬುದನ್ನು ಚರಿತ್ರೆ ಮರೆಯಬಾರದು. ಮೇಲುಜಾತಿಯ ಹೆಣ್ಣಿಗೆ ಅದೂ ಇರಲಿಲ್ಲ.

ಶಿವಮೊಗ್ಗ ಸೇರಿದ್ದ ಮೈಸೂರು ಸಂಸ್ಥಾನ ಮದುವೆಯ ವಿಷಯಕ್ಕೆ ಕೈಹಾಕಿದ್ದು ನಿಧಾನವಾಗಿ. 1894ರ ಬಾಲ್ಯವಿವಾಹ ತಡೆ ರೆಗ್ಯುಲೇಷನ್ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ ಆಸ್ತಿಯ ಹಕ್ಕುಗಳ ಜೊತೆಗೆ, ಕೆಲವು ಸಂದರ್ಭಗಳಲ್ಲಿ ಹೆಂಡತಿ ಗಂಡನಿಂದ ಬೇರೆ ಇದ್ದು ಜೀವನಾಂಶ ಪಡೆಯಬಹುದೆಂದಿತು. ಅಲ್ಲಿಗೆ ನಿಂತಿತು. ಬರೋಡ ಸಂಸ್ಥಾನ 1931ರಲ್ಲೇ ಹಿಂದೂಗಳಿಗೆ ವಿಚ್ಛೇದನ ಕಾಯ್ದೆ ಮಾಡಿದ್ದಾಗ, ಮಾದರಿ ಸಂಸ್ಥಾನವೆನಿಸಿಕೊಂಡ ಮೈಸೂರು ಆ ಹೆಜ್ಜೆ ಇಡಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 30ನೆಯ ಕಲಮು ತಾನು ರದ್ದುಮಾಡಿದ ಹಳೆಯ ಕಾಯ್ದೆಗಳ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಮುಂಬಯಿ, ಮದರಾಸು, ಸೌರಾಷ್ಟ್ರಗಳಿದ್ದವು, ಮೈಸೂರಿರಲಿಲ್ಲ.

ನಕ್ಷೆಯ ಮೇಲೆ ಇಟ್ಟು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಶಿಕಾರಿಪುರದ ಪಕ್ಕದ ಹಿರೇಕೆರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿಯ ಹಿಂದೂ ಹೆಂಗಸಿಗೆ 1947ರ ಮುಂಬಯಿ ಕಾಯ್ದೆಯಡಿ ಕೋರ್ಟಿಗೆ ಹೋಗಿ ವಿಚ್ಛೇದನ ಕೇಳುವ ಹಕ್ಕು ಬಂತು. ಘಟ್ಟದ ಕೆಳಗೆ ಕುಂದಾಪುರದವಳಿಗೆ ಅದು ಮದರಾಸಿನ 1949ರ ಕಾಯ್ದೆಯಿಂದ ಸಿಕ್ಕಿತು. ನಡುವೆ ಇದ್ದ ಶಿವಮೊಗ್ಗದವಳು, ಜಾತಿಯ ರೂಢಿ ಒಪ್ಪದಿದ್ದರೆ, ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದ 1955ರ ಮೇ 18ರವರೆಗೆ ಕಾಯಬೇಕಾಯಿತು.

ಕಾಯ್ದೆ ಬಂದರೂ ಅದು ಬಿಗಿಯಾಗಿತ್ತು. ಮದುವೆಯಾಗಿ ಮೂರು ವರ್ಷವಾಗದೆ ಅರ್ಜಿ ಹಾಕುವಂತಿರಲಿಲ್ಲ. ಕ್ರೌರ್ಯ, ತೊರೆದು ಹೋಗುವುದು ಇವು ಕೇವಲ ನ್ಯಾಯಿಕ ಪ್ರತ್ಯೇಕತೆಗೆ ಕಾರಣಗಳಾಗಿದ್ದವು. 1976ರ ತಿದ್ದುಪಡಿ ಇವನ್ನು ವಿಚ್ಛೇದನಕ್ಕೂ ಕಾರಣವೆಂದು ಒಪ್ಪಿ, ಕಾಯುವ ಅವಧಿಯನ್ನು ಒಂದು ವರ್ಷಕ್ಕಿಳಿಸಿ, 13-ಬಿ ಕಲಮಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ತಂದಿತು. ಒಂದು ವರ್ಷ ಬೇರೆ ಇದ್ದ ದಂಪತಿ ಜಂಟಿ ಅರ್ಜಿ ಹಾಕಬೇಕು, ಆರು ತಿಂಗಳು ಕಳೆದು ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ತಕ್ಕ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ನನ್ನ ದೃಷ್ಟಿಯಲ್ಲಿ ಸ್ಥಳೀಯ ಹೆಂಗಸರಿಗೆ ಹೆಚ್ಚು ಉಪಕಾರವಾದದ್ದು ಅಷ್ಟು ಸುದ್ದಿಯಾಗದ 2003ರ ತಿದ್ದುಪಡಿಯಿಂದ. ಹೆಂಡತಿ ತಾನು ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದೆಂದು ಅದು ಹೇಳಿತು. ಬೆಂಗಳೂರಿನ ಗಂಡನ ಮನೆಯಿಂದ ಭದ್ರಾವತಿಯ ತವರಿಗೆ ಮರಳಿದವಳು ಪ್ರತಿ ವಾಯಿದೆಗೂ ರೈಲು ಹತ್ತಬೇಕಿಲ್ಲ.

ಅರ್ಜಿಯ ದಾರಿ ಶಿವಮೊಗ್ಗ, ಭದ್ರಾವತಿ ಎರಡು ಊರುಗಳಲ್ಲಿ ಒಂದೇ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಕೌಟುಂಬಿಕ ನ್ಯಾಯಾಲಯ ಹತ್ತು ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ ಕಡ್ಡಾಯ, ಉಳಿದೆಡೆ ಸರ್ಕಾರದ ಇಚ್ಛೆ. 2011ರಲ್ಲಿ 3.22 ಲಕ್ಷ ಜನರಿದ್ದ ಶಿವಮೊಗ್ಗಕ್ಕೆ ಅಂಥ ನ್ಯಾಯಾಲಯ ಬಂದದ್ದು ಹೀಗೆ. ಭದ್ರಾವತಿಯಲ್ಲಿ ಎಂ.ಸಿ. (ವೈವಾಹಿಕ ಪ್ರಕರಣ) ನಂಬರಿನ ಅರ್ಜಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತದೆ. ಶಿವಮೊಗ್ಗದ ತೀರ್ಪಿನ ಮೇಲ್ಮನವಿ ನೇರ ಹೈಕೋರ್ಟಿಗೆ, ಭದ್ರಾವತಿಯದು ಮೊದಲು ಜಿಲ್ಲಾ ನ್ಯಾಯಾಲಯಕ್ಕೆ. ನಡುವಿನ ಹಂತಗಳು ಸಮಾನ: ಸಮನ್ಸ್, ರಾಜಿಯ ಪ್ರಯತ್ನ, ಮಧ್ಯಂತರ ಜೀವನಾಂಶ, ಸಾಕ್ಷ್ಯ, ಪಾಟೀಸವಾಲು, ಡಿಕ್ರಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಮುಸ್ಲಿಂ ಹೆಂಗಸು 1939ರ ಕಾಯ್ದೆಯಡಿ ಅರ್ಜಿ ಹಾಕುತ್ತಾಳೆ. ಕ್ರೈಸ್ತರಿಗೆ 1869ರ ಕಾಯ್ದೆ. ಒಪ್ಪಿಗೆಯ ವಿಚ್ಛೇದನ ಅವರಿಗೆ ಸಿಕ್ಕಿದ್ದು 2001ರಲ್ಲಿ.

ಇಷ್ಟೆಲ್ಲ ಆದರೂ 1955ರ ಕಾಯ್ದೆಯ 29(2) ಕಲಮು ರೂಢಿಯ ಬಿಡುಗಡೆಯನ್ನು ಜೀವಂತವಾಗಿ ಉಳಿಸಿದೆ. ಅದರ ಹೆಸರಿನಲ್ಲಿ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದುಕೊಳ್ಳುವುದು ನಿಂತಿಲ್ಲ. ನೋಟರಿಯ ಮುದ್ರೆ ಬಿದ್ದರೆ ವಿಚ್ಛೇದನ ಆಯಿತೆಂದೇ ಅನೇಕರ ನಂಬಿಕೆ. ರೂಢಿಯನ್ನು ಅವಲಂಬಿಸುವವರು ತಮ್ಮ ಜಾತಿಯಲ್ಲಿ ಅದು ಇದೆಯೆಂದು ಸ್ಪಷ್ಟವಾಗಿ ವಾದಿಸಿ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಸಾಬೀತಾಗದಿದ್ದರೆ ಮೊದಲ ಮದುವೆ ಉಳಿದೇ ಇರುತ್ತದೆ, ಎರಡನೆಯದು ಅಸಿಂಧು.

ಈ ಪ್ರಶ್ನೆ ಭದ್ರಾವತಿಯಂಥ ಊರಿಗೆ ಹೆಚ್ಚು ತಟ್ಟುವಂಥದ್ದು. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದು, ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳೂ ಇಲ್ಲಿ ನೆಲೆಸಿದವು. ಅವರ ಕುಲದ ಕಟ್ಟೆ ನೂರಾರು ಮೈಲಿ ದೂರ. ರೂಢಿಗೆ ಸಾಕ್ಷಿ ಹೇಳುವ ಹಿರಿಯರು ಅಲ್ಲೇ ಉಳಿದವರು. ಕಾರ್ಖಾನೆಯ ಕೆಲಸ ಭವಿಷ್ಯನಿಧಿಯನ್ನೂ, 1971ರಿಂದ ಕುಟುಂಬ ಪಿಂಚಣಿಯನ್ನೂ ತಂದಿತು. ಕೆಲಸಗಾರ ತೀರಿಕೊಂಡ ದಿನ ಪಿಂಚಣಿ ಹೋಗುವುದು ಕಾನೂನುಬದ್ಧ ಹೆಂಡತಿಗೆ. ಛಾಪಾ ಕಾಗದವನ್ನು ನಂಬಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳು ಆಗ ಬರಿಗೈಯಲ್ಲಿ ನಿಲ್ಲಬಹುದು. ಹಿರಿಯರ ಮುಂದೆ ಆದ ಅದೇ ಒಪ್ಪಂದವನ್ನು, ಜೀವನಾಂಶದ ಮೊತ್ತ ಮತ್ತು ಮಕ್ಕಳ ಪಾಲನೆಯ ಷರತ್ತುಗಳ ಸಮೇತ, 13-ಬಿ ಅರ್ಜಿಯೊಳಗೆ ಬರೆದು ಕೋರ್ಟಿನ ಮುಂದಿಡಲು ಕಾನೂನು 1976ರಿಂದಲೂ ಅವಕಾಶ ಕೊಟ್ಟಿದೆ.